ಹತ್ತದ ದೀಪಕ್ಕೆ ಬ್ರೇಕ್ ಒತ್ತಿದವರು

ಬಸ್ ಡಿಪೊಗಳಿಗೆ ಹೊಸದಾಗಿ ಚಾಲನಾ ಬೋಧಕರಾಗಿ ಸೇರುವವರು ಈಗಲೂ ಒಬ್ಬೊಬ್ಬರು ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಬಂದವರೆಲ್ಲ ಕೇಳುವುದು ಒಂದೇ: 'ಡ್ರೈವರ್ ಒಳ್ಳೆಯವನೋ ಅಲ್ಲವೋ ಅಂತ ನೀವು ಹೇಗೆ ಪತ್ತೆ ಮಾಡ್ತಿದ್ರಿ ಸಾರ್?' ಪತ್ತೆ ಮಾಡುತ್ತಿರಲಿಲ್ಲ ಎಂಬುದೇ ಅದಕ್ಕೆ ನಿಜವಾದ ಉತ್ತರ. ಪತ್ತೆ ಮಾಡಿದವರ ಹಾಗೆ ಬರೆದು ಸಹಿ ಹಾಕುತ್ತಿದ್ದೆವು. ಹಾಗೆ ಹಾಕಿದ ಒಂದು ಸಹಿಯ ಕಥೆಯನ್ನು ಈ ಹೊಸಬರಿಗೆ ಹೇಳಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಆದರೆ ಕಾಫಿ ಕುಡಿದು ಮುಗಿಯುವಷ್ಟರಲ್ಲಿ ಹೇಳಿ ಮುಗಿಸುವ ಕಥೆ ಅದಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಸಂಸ್ಥೆಯ ಹೆಸರು ಬೇಡ. ನಾನಿದ್ದದ್ದು ಸಕಲೇಶಪುರದ ಡಿಪೊದಲ್ಲಿ, ಕಾಲ ತೊಂಬತ್ತರ ದಶಕದ ನಡುಭಾಗ ಎಂದರೆ ಸಾಕು.

ನನಗೆ ಕೆಲಸ ಕಲಿಸಿದವರು ಕಾಳಪ್ಪನವರು ಎಂಬ ಹಿರಿಯ ಬೋಧಕರು. ಅವರದ್ದು ಬಹಳ ಸರಳವಾದ ವಿಧಾನ. ಬಸ್ಸಿನ ಬಾನೆಟ್ಟಿನ ಮೇಲೆ, ಅಂದರೆ ಡ್ರೈವರನ ಎಡಕ್ಕೆ, ಚಕ್ಕಳಮಕ್ಕಳ ಹಾಕಿ ಕೂರುವುದು. ರಸ್ತೆ ನೇರವಾಗಿ ಖಾಲಿ ಇದ್ದಾಗ ಇದ್ದಕ್ಕಿದ್ದಂತೆ ಕೈಯಿಂದ ಬಾನೆಟ್ ಬಡಿದು 'ಎಮ್ಮೆ!' ಎಂದು ಕೂಗುವುದು. ಡ್ರೈವರ್ ತಕ್ಷಣ ಬ್ರೇಕ್ ತುಳಿದರೆ ಪಾಸು. ಕಾಳಪ್ಪನವರು ಹೀಗೆ ಕೂಗಿದಾಗ ಆಲೂರಿನ ಕಡೆಯ ಒಬ್ಬ ಅಭ್ಯರ್ಥಿ ರಸ್ತೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿ, ನಿಧಾನವಾಗಿ ಬಸ್ಸನ್ನು ಪಕ್ಕಕ್ಕೆ ತಂದು ನಿಲ್ಲಿಸಿ, 'ಎಲ್ಲೈತೆ ಸಾರ್?' ಎಂದು ಕೇಳಿದ. ಕಾಳಪ್ಪನವರು ಅವನನ್ನು ಫೇಲು ಮಾಡಿದರು. ಆ ದಿನ ಬಾನೆಟ್ಟಿನ ಸುತ್ತ ಇದ್ದವರಲ್ಲಿ ಕಣ್ಣು ಬಿಟ್ಟುಕೊಂಡಿದ್ದವನು ಅವನೊಬ್ಬನೇ ಎಂದು ನನಗೆ ಹೊಳೆಯಲು ಹತ್ತು ವರ್ಷ ಬೇಕಾಯಿತು.

ಈ ಪರೀಕ್ಷೆಯ ಗುಟ್ಟು ಬೇಗ ಹರಡಿತು. ಕಾಳಪ್ಪನವರು ಕೂಗುವ ಮುಂಚೆ ಗಂಟಲು ಸರಿಮಾಡಿಕೊಳ್ಳುತ್ತಾರೆ ಎಂದು ಎಲ್ಲರಿಗೂ ಗೊತ್ತಾಯಿತು. ಒಮ್ಮೆ ಅವರಿಗೆ ನಿಜವಾಗಿಯೂ ಕೆಮ್ಮು ಬಂತು. ಹೇಮಾವತಿ ಸೇತುವೆಯ ಮಧ್ಯದಲ್ಲಿ ಬಸ್ಸು ಗಕ್ಕನೆ ನಿಂತುಬಿಟ್ಟಿತು. ಕಾಳಪ್ಪನವರು ಕೆಮ್ಮುತ್ತಲೇ ಆ ಡ್ರೈವರನಿಗೆ ನೂರಕ್ಕೆ ತೊಂಬತ್ತು ಕೊಟ್ಟರು.

ಅವರು ನಿವೃತ್ತರಾದ ಮೇಲೆ ಆ ಕುರ್ಚಿಗೆ ನಾನು ಬಂದೆ. ಡ್ರೈವರುಗಳು ನನ್ನನ್ನು ಮೇಷ್ಟ್ರೇ ಎಂದು ಕರೆಯತೊಡಗಿದರು. ಸ್ವಲ್ಪ ದಿನದಲ್ಲೇ ನಮಗೆ ನಾಗಭೂಷಣ ಎಂಬ ಹೊಸ ಸುರಕ್ಷತಾ ಅಧಿಕಾರಿ ಬಂದರು. ಬಯಲುಸೀಮೆಯಿಂದ ಬಂದವರು, ಇಸ್ತ್ರಿ ಮುರಿಯದ ಅಂಗಿ, ಜೇಬಿನಲ್ಲಿ ಎರಡು ಬಣ್ಣದ ಪೆನ್ನು. ಘಾಟಿಯಲ್ಲಿ ಬಸ್ಸು ಎರಡು ತಿರುವು ದಾಟಿದರೆ ಕಿಟಕಿಯಿಂದ ತಲೆ ಹೊರಗೆ ಹಾಕುವ ಜೀವ. ಅಂಥವರು ಒಂದು ಬೆಳಿಗ್ಗೆ ಲಾರಿಯಲ್ಲಿ ಒಂದು ಯಂತ್ರ ತರಿಸಿದರು. ಅದರಲ್ಲಿ ಒಂದು ಡ್ರೈವರ್ ಸೀಟು, ಎಲ್ಲಿಗೂ ಜೋಡಿಸದ ಒಂದು ಸ್ಟೇರಿಂಗು, ಮೂರು ಪೆಡಲು, ಎದುರಿಗೆ ಹಲಗೆಯ ಮೇಲೊಂದು ಕೆಂಪು ಬಲ್ಬು ಇದ್ದವು. ಎಡಗಡೆ ಮೇಜಿನ ಮೇಲೆ ನನಗಾಗಿ ಒಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಒಂದು ಗುಂಡಿ. ನಾನು ಗುಂಡಿ ಒತ್ತಿದರೆ ಬಲ್ಬು ಹತ್ತಬೇಕು. ಬಲ್ಬು ಹತ್ತಿದ್ದನ್ನು ನೋಡಿ ಡ್ರೈವರ್ ಆಕ್ಸಿಲೇಟರಿನಿಂದ ಕಾಲೆತ್ತಿ ಬ್ರೇಕ್ ಒತ್ತಬೇಕು. ನಡುವೆ ಎಷ್ಟು ಹೊತ್ತಾಯಿತು ಎಂದು ಪೆಟ್ಟಿಗೆ ಒಂದು ಸೆಕೆಂಡನ್ನು ನೂರು ಚೂರು ಮಾಡಿ ಅಂಕೆಯಲ್ಲಿ ತೋರಿಸುತ್ತದೆ. ಜೊತೆಗಿದ್ದ ಪುಸ್ತಿಕೆಯ ಪ್ರಕಾರ ಅರವತ್ತರೊಳಗೆ ಬಂದವನು ಬಸ್ಸು ಓಡಿಸಬಹುದು. ಅರವತ್ತು ದಾಟಿದವನು ಇಳಿಯಬೇಕು.

ಯಂತ್ರಕ್ಕೆ ಹೂವಿನ ಹಾರ ಹಾಕಿ, ತೆಂಗಿನಕಾಯಿ ಒಡೆದು, ನಾಗಭೂಷಣರು ಒಂದು ಭಾಷಣ ಮಾಡಿದರು. 'ಕಣ್ಣು ನೋಡುತ್ತದೆ, ನರ ಮಿದುಳಿಗೆ ಸುದ್ದಿ ಒಯ್ಯುತ್ತದೆ, ಮಿದುಳು ತೀರ್ಮಾನಿಸುತ್ತದೆ, ಇನ್ನೊಂದು ನರ ಕಾಲಿಗೆ ಆಜ್ಞೆ ತರುತ್ತದೆ. ಈ ಪ್ರಯಾಣಕ್ಕೆ ಅರ್ಧ ಸೆಕೆಂಡು. ಆ ಅರ್ಧ ಸೆಕೆಂಡಿನಲ್ಲಿ ಗಂಟೆಗೆ ನಲವತ್ತು ಕಿಲೋಮೀಟರಿನ ಬಸ್ಸು ಹದಿನೆಂಟು ಅಡಿ ಮುಂದೆ ಹೋಗಿರುತ್ತದೆ!' ಈ ಮಾತು ಸರಿಯಾಗಿತ್ತು. ಅವರ ಬಾಯಿಂದ ನಾನು ಕೇಳಿದ ಕೊನೆಯ ಸರಿಯಾದ ಮಾತು ಅದೇ.

ಉದ್ಘಾಟನೆಗೆ ಅವರೇ ಸೀಟಿನಲ್ಲಿ ಕೂತರು. ನಾನು ಗುಂಡಿ ಒತ್ತಿದೆ. ಬಲ್ಬು ಹತ್ತಿತು. ಅವರು ಇನ್ನೂ ಮಾತಾಡುತ್ತಲೇ ಇದ್ದರು. ಡಿಪೊ ಮ್ಯಾನೇಜರು ಮೆಲ್ಲಗೆ 'ಸಾರ್, ದೀಪ' ಎಂದಾಗ ಗಾಬರಿಯಿಂದ ಜೋರಾಗಿ ಒತ್ತಿದರು, ಕ್ಲಚ್ಚನ್ನು. ಪೆಟ್ಟಿಗೆಯ ಅಂಕೆ ಓಡುತ್ತಲೇ ಇತ್ತು. ಮಾತು ಮತ್ತು ಕಾಲು ಎರಡನ್ನೂ ಒಂದೇ ತಲೆ ನಡೆಸಬೇಕಾದರೆ ಕಾಲಿನ ಸರದಿ ತಡವಾಗಿ ಬರುತ್ತದೆ ಎಂಬ ಪಾಠ ಇಡೀ ಡಿಪೊಗೆ ಬಿಟ್ಟಿಯಾಗಿ ಸಿಕ್ಕಿತು. 'ಇದು ಪ್ರಾತ್ಯಕ್ಷಿಕೆ ಅಷ್ಟೆ, ರಿಜಿಸ್ಟರಿನಲ್ಲಿ ಬರೆಯಬೇಡಿ' ಎಂದು ಅವರು ಎದ್ದು ಅಂಗಿ ಸರಿಮಾಡಿಕೊಂಡರು.

ಆಮೇಲೆ ಎರಡು ತಿಂಗಳು ನಾನು ಆ ಮೇಜಿನ ಹಿಂದೆ ಕೂತು ಮನುಷ್ಯರನ್ನು ನೋಡಿದೆ. ಕಾಯುವ ಮನುಷ್ಯನ ದೇಹ ಒಂದು ವಿಚಿತ್ರ. ಘಾಟಿಯಲ್ಲಿ ಮಂಜು ಕವಿದಾಗ ಬೀಡಿ ಸೇದುತ್ತ ಬಸ್ಸಿಳಿಸುವ ಗಂಡಸರು ಈ ಪುಟ್ಟ ಬಲ್ಬಿನ ಎದುರು ಉಸಿರು ಬಿಗಿಹಿಡಿದು ಕೂರುತ್ತಿದ್ದರು. ಸ್ಟೇರಿಂಗ್ ಮೇಲೆ ಅಂಗೈ ಬೆವರಿನ ಗುರುತು ಮೂಡುತ್ತಿತ್ತು. ಕೆಲವರ ಮೀನಖಂಡ ದೀಪ ಹತ್ತುವ ಮೊದಲೇ ಅದುರುತ್ತಿತ್ತು. ತಡೆಯಲಾರದೆ ಸುಮ್ಮನೆ ಒತ್ತಿಬಿಟ್ಟು 'ಅಯ್ಯೋ, ಕಾಲೇ ಹೋಗ್ಬುಡ್ತು ಸಾರ್' ಎಂದು ನಾಲಿಗೆ ಕಚ್ಚಿಕೊಳ್ಳುವವರು ಕೆಲವರು. ಊಟ ಮಾಡಿ ಬಂದವರ ಅಂಕೆ ಏರುತ್ತಿತ್ತು, ಬೆಳಗಿನ ಟ್ರಿಪ್ಪು ಮುಗಿಸಿ ನೇರ ಬಂದವರದ್ದು ಇನ್ನೂ ಏರುತ್ತಿತ್ತು. ಇದನ್ನೆಲ್ಲ ನಾನು ಒಂದು ನೋಟ್‌ಬುಕ್ಕಿನಲ್ಲಿ ಬರೆದು ನಾಗಭೂಷಣರಿಗೆ ತೋರಿಸಿದೆ. 'ಅಂಕೆ ಮಾತ್ರ ಕಳಿಸಿ' ಎಂದರು.

ಅಂಕೆಯಲ್ಲಿ ಎಲ್ಲರನ್ನೂ ಮೀರಿಸಿದವನು ಪುಟ್ಟರಾಜು. ಕುಂದೂರಿನವನು, ಇಪ್ಪತ್ತಾರರ ಹರೆಯ, ಕೂತಲ್ಲಿ ಕೂರದ ಆಳು. ಅವನದ್ದು ಸದಾ ನಲವತ್ತರ ಆಸುಪಾಸು. ನಾಗಭೂಷಣರು ಅವನ ಫೋಟೊವನ್ನು ನೋಟೀಸ್ ಬೋರ್ಡಿಗೆ ಹಾಕಿ ಕೆಳಗೆ 'ಆದರ್ಶ ಪ್ರತಿಕ್ರಿಯೆ' ಎಂದು ಬರೆಸಿದರು. ಆದರ್ಶ ಪ್ರತಿಕ್ರಿಯೆ ಒಂದು ಮಧ್ಯಾಹ್ನ ಹೆತ್ತೂರಿನ ರಸ್ತೆಯಲ್ಲಿ ಗಾಳಿಗೆ ಹಾರಿಬಂದ ಒಂದು ಖಾಲಿ ಗೊಬ್ಬರದ ಚೀಲಕ್ಕೆ ಬ್ರೇಕ್ ಹೊಡೆಯಿತು. ಬಸ್ಸಿನಲ್ಲಿ ನಿಂತಿದ್ದವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು. ಪಾಠ ಮುಗಿಸಿ ಮನೆಗೆ ಹೊರಟಿದ್ದ ಒಬ್ಬ ಶಾಲಾ ಶಿಕ್ಷಕಿಯ ಮುಂಗೈ ಮೂಳೆ ಮುರಿಯಿತು. ನಾನು ಹೋಗಿ ವಿಚಾರಿಸಿದಾಗ ಪುಟ್ಟರಾಜು ಅಳುಮೋರೆ ಮಾಡಿಕೊಂಡು ಹೇಳಿದ: 'ಚೀಲ ಅಂತ ಗೊತ್ತಾಯ್ತು ಮೇಷ್ಟ್ರೇ. ಆದ್ರೆ ಗೊತ್ತಾಗೋ ಹೊತ್ಗೆ ಕಾಲು ಒತ್ಬುಟ್ಟಿತ್ತು.'

ಅವನು ಹೇಳಿದ್ದು ಪೂರ್ತಿ ನಿಜ. ಒಮ್ಮೆ ಹೊರಟ ಕಾಲನ್ನು ಅರ್ಧದಲ್ಲಿ ತಡೆಯುವುದು ಹೊಸದಾಗಿ ಹೊರಡಿಸುವುದಕ್ಕಿಂತ ಕಷ್ಟ. ನಾನು ಹಾಗೆಯೇ ವರದಿ ಬರೆದೆ. ನಾಗಭೂಷಣರು ಅದನ್ನು ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿ, ಹಸಿರು ಪೆನ್ನಿನಲ್ಲಿ 'ಚಾಲಕನ ಪ್ರತಿಕ್ರಿಯೆ ಅತ್ಯುತ್ತಮ, ಪ್ರಯಾಣಿಕರು ಸರಿಯಾಗಿ ಹಿಡಿದುಕೊಂಡಿರಲಿಲ್ಲ' ಎಂದು ಬರೆದರು.

ಅದೇ ವಾರ ಮಲ್ಲೇಶಪ್ಪನವರ ಸರದಿ ಬಂತು. ಮಗ್ಗೆಯವರು, ಐವತ್ತೆರಡರ ವಯಸ್ಸು, ಹಣೆಯಲ್ಲಿ ತೆಳ್ಳಗೆ ವಿಭೂತಿ. ಸಕಲೇಶಪುರದಿಂದ ಹೊಂಗಡಹಳ್ಳದ ಮೇಲೆ ಬಿಸಿಲೆಗೆ ಹೋಗುವ ಬಸ್ಸನ್ನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಓಡಿಸಿದವರು. ಆ ದಾರಿಯಲ್ಲಿ ಅವರ ಬಸ್ಸು ಒಂದು ಕೋಳಿಗೂ ತಾಗಿದ್ದಿಲ್ಲ. ಮಾತು ಕಡಿಮೆ. ನಾನು ಬಾನೆಟ್ಟಿನ ಮೇಲೆ ಕೂತು ಏನಾದರೂ ಕೇಳಿದರೆ ಅರ್ಧಕ್ಕರ್ಧ ಉತ್ತರವೇ ಬರುತ್ತಿರಲಿಲ್ಲ. ಸೀನಿಯರ್ ಡ್ರೈವರು, ಜಂಬ ಇರಬಹುದು ಎಂದುಕೊಂಡಿದ್ದೆ.

ಮೊದಲ ಸಲ ಅರವತ್ತಾರು ಬಂತು. ಎರಡನೆಯ ಸಲ ಅರವತ್ತೈದು. ಮೂರನೆಯ ಸಲ ಮತ್ತೆ ಅರವತ್ತಾರು.

'ಇನ್ನೊಂದ್ ಸಲ ನೋಡಾಣ ಮೇಷ್ಟ್ರೇ' ಎಂದರು. ಇನ್ನೂ ಐದು ಸಲ ನೋಡಿದೆವು. ಒಂದೂ ಅರವತ್ತರೊಳಗೆ ಬರಲಿಲ್ಲ. ಅವರು ಸೀಟಿನಿಂದ ಎದ್ದು ತಮ್ಮ ಬಲಗಾಲನ್ನು, ಅದು ಬೇರೆ ಯಾರದ್ದೋ ಎಂಬಂತೆ, ಒಂದು ಕ್ಷಣ ನೋಡಿಕೊಂಡರು.

'ಏನು ಮಾಡೋದು ಮಲ್ಲೇಶಪ್ಪನವರೇ? ಮಿಷನ್ನಿಗೆ ಯಾರ ಮೇಲೂ ದ್ವೇಷ ಇಲ್ಲ' ಎಂದೆ. ಆ ಮಾತು ಆಡಿದಾಗ ನನಗೆ ನಾನೇ ಬಹಳ ನ್ಯಾಯವಂತನ ಹಾಗೆ ಕಂಡೆ.

'ಹಂಗಾದ್ರೆ ನಂಗೆ ವಯಸ್ಸಾಯ್ತು ಅನ್ನಿ' ಎಂದಷ್ಟೇ ಹೇಳಿ ಹೋದರು.

'ಚಾಲನೆಗೆ ಅನರ್ಹ' ಎಂಬ ಕಾಗದಕ್ಕೆ ಸಹಿ ಹಾಕಿದವನು ನಾನು. ಬರೆದ ಅಂಕೆ ಸರಿಯಿತ್ತು, ನನಗೆ ಅಷ್ಟು ಸಾಕಾಗಿತ್ತು. ಅವರನ್ನು ಡಿಪೊದ ಗೇಟಿಗೆ ಹಾಕಿದರು. ದಿನಾ ಬೆಳಿಗ್ಗೆ ಬಿಸಿಲೆಯ ಬಸ್ಸು ಹೊರಡುವಾಗ ಗೇಟು ತೆಗೆದು ನಿಲ್ಲಬೇಕು. ಆ ಬಸ್ಸಿನ ಸೀಟಿನಲ್ಲಿ ಈಗ ಆದರ್ಶ ಪ್ರತಿಕ್ರಿಯೆಯ ಪುಟ್ಟರಾಜು. ಅವನು ತಲೆ ತಗ್ಗಿಸಿಕೊಂಡು ಹೋಗುತ್ತಿದ್ದ, ಆ ಮಟ್ಟಿಗೆ ಒಳ್ಳೆಯವನು. ಮಲ್ಲೇಶಪ್ಪನವರು ಯೂನಿಫಾರ್ಮಿನ ಮೇಲೆ ಸ್ವೆಟರ್ ಹಾಕಿಕೊಳ್ಳಲು ಶುರುಮಾಡಿದರು, ಬಿಸಿಲಿದ್ದಾಗಲೂ. ಡ್ರೈವರ್ ಬಿಲ್ಲೆ ಇದ್ದ ಜಾಗ ಕಾಣಬಾರದೆಂದು ಹಾಗೆ ಎಂದು ಕಂಡಕ್ಟರೊಬ್ಬರು ಹೇಳಿದರು. ಮಗ್ಗೆಯಲ್ಲಿ ಊರವರು ಕೇಳಿದರೆ 'ಕಾಲು ನೋವು, ನಾನೇ ಕೇಳಿ ಹಾಕಿಸ್ಕಂಡೆ' ಎನ್ನುತ್ತಿದ್ದರಂತೆ.

ಈ ನಡುವೆ ನಾಗಭೂಷಣರ ಯಂತ್ರದ ಸುದ್ದಿ ದೂರ ಹೋಯಿತು. ಹೋಗುವ ಹಾಗೆ ಅವರೇ ನೋಡಿಕೊಂಡಿದ್ದರು. ಮೈಸೂರಿನ ಕಡೆ ವೈದ್ಯಕೀಯ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದ ಡಾಕ್ಟರ್ ಸುಮಿತ್ರಾ ಎಂಬುವರು ಸಕಲೇಶಪುರದ ನೆಂಟರ ಮನೆಗೆ ಬಂದಿದ್ದಾಗ, ಅವರನ್ನು ಡಿಪೊಗೆ ಕರೆಸಿದರು. ಅವರ ವಿಷಯವೇ ಇದು, ನರ, ಸ್ನಾಯು, ಮಿದುಳು. ಸಣ್ಣಗಿನ ಹೆಂಗಸು, ದಪ್ಪ ಕನ್ನಡಕ, ಯಾವುದನ್ನೂ ಹೊಗಳುವ ಅವಸರವಿಲ್ಲ.

ಪ್ರದರ್ಶನಕ್ಕೆ ಪುಟ್ಟರಾಜುವನ್ನು ಕೂರಿಸಿದರು. ನಾನು ಗುಂಡಿ ಒತ್ತಿದೆ. ಅವನ ಕಾಲು ಹಾರಿತು. ನಲವತ್ತೊಂದು. ನಾಗಭೂಷಣರು ಮೀಸೆಯಲ್ಲೇ ನಕ್ಕರು. ಮತ್ತೆ ಒತ್ತಿದೆ, ಮೂವತ್ತೊಂಬತ್ತು. ಮತ್ತೆ ಒತ್ತಿದೆ, ನಲವತ್ತು.

ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಕೇಳಿದರು: 'ಕ್ಷಮಿಸಿ, ಇವರು ಯಾವುದನ್ನು ನೋಡಿ ಬ್ರೇಕ್ ಒತ್ತಬೇಕು?'

'ದೀಪ ಮೇಡಂ. ಎದುರಿಗಿರೋ ಕೆಂಪು ದೀಪ' ಎಂದರು ನಾಗಭೂಷಣರು.

'ದೀಪ ಹತ್ತಲೇ ಇಲ್ಲವಲ್ಲ?'

ನಾವೆಲ್ಲ ಹಲಗೆಯ ಹತ್ತಿರ ಹೋಗಿ ನೋಡಿದೆವು. ಬಲ್ಬು ಸುಟ್ಟುಹೋಗಿತ್ತು. ಒಳಗಿನ ತಂತಿ ತುಂಡಾಗಿ ಅಲ್ಲಾಡುತ್ತಿತ್ತು. ಗುಂಡಿ ಒತ್ತುವವನು ಅಂಕೆಯನ್ನು ನೋಡುತ್ತಾನೆ, ಅಧಿಕಾರಿ ಡಾಕ್ಟರಮ್ಮನ ಮುಖ ನೋಡುತ್ತಾರೆ. ಅಂದು ಆ ಕೋಣೆಯಲ್ಲಿ ದೀಪವನ್ನು ನೋಡುತ್ತಿದ್ದವರು ಡಾಕ್ಟರಮ್ಮ ಒಬ್ಬರೇ.

ಪುಟ್ಟರಾಜು ಬೆವರಿಹೋದ. 'ನಮ್ಮಪ್ಪನಾಣೆ ಹತ್ತಿತ್ತು ಕಣ್ರೀ! ಕೆಂಪಗೆ ಹತ್ತಿತ್ತು. ನಾನು ನೋಡೇ ಒತ್ತಿದ್ದು!'

'ಅವರು ಸುಳ್ಳು ಹೇಳ್ತಿಲ್ಲ' ಎಂದರು ಡಾಕ್ಟರಮ್ಮ. 'ಎಷ್ಟೋ ಸಲ ಹತ್ತಿದ್ದನ್ನು ನೋಡಿ ನೋಡಿ, ಕಾಲು ಒತ್ತಿತು ಅಂದ್ರೆ ದೀಪ ಹತ್ತಿರಲೇಬೇಕು ಅಂತ ಮಿದುಳು ಲೆಕ್ಕ ಹಾಕಿಬಿಟ್ಟಿದೆ. ಆದ್ರೆ ಕಾಲು ಯಾವುದಕ್ಕೆ ಒತ್ತಿತು ಅನ್ನೋದು ಬೇರೆ ಪ್ರಶ್ನೆ. ಇನ್ನೊಂದ್ ಸಲ ಗುಂಡಿ ಒತ್ತಿ, ಎಲ್ಲರೂ ಸುಮ್ಮನಿರಿ.'

ಒತ್ತಿದೆ. ನಿಶ್ಶಬ್ದದಲ್ಲಿ ನನ್ನ ಪೆಟ್ಟಿಗೆಯೊಳಗಿಂದ 'ಟಕ್' ಎಂದು ಒಂದು ಸಣ್ಣ ಸದ್ದು ಬಂತು. ಮೂರು ತಿಂಗಳಿಂದ ನನ್ನ ಮೊಣಕೈ ಹತ್ತಿರವೇ ಆಗುತ್ತಿದ್ದ ಸದ್ದು. ನಾನು ಅದನ್ನು ಒಂದು ದಿನವೂ ಕೇಳಿಸಿಕೊಂಡಿರಲಿಲ್ಲ.

ಡಾಕ್ಟರಮ್ಮ ಬಿಡಿಸಿ ಹೇಳಿದರು. ಕಿವಿಯ ಸುದ್ದಿ ಮಿದುಳಿಗೆ ಕಣ್ಣಿನ ಸುದ್ದಿಗಿಂತ ಬೇಗ ತಲುಪುತ್ತದೆ. ಅದೂ ಅಲ್ಲದೆ ಬಲ್ಬಿನ ತಂತಿ ಕಾದು ಕೆಂಪಾಗಲು ಚೂರು ಹೊತ್ತು ಬೇಕು, ಟಕ್ಕಿಗೆ ಬೇಕಿಲ್ಲ. ಪೆಟ್ಟಿಗೆ ಹೊತ್ತು ಎಣಿಸಲು ಶುರುಮಾಡುವುದೂ ಟಕ್ಕಿನಿಂದಲೇ. ಹತ್ತಾರು ಸಲ ಕೂತೆದ್ದ ಡ್ರೈವರುಗಳ ದೇಹ ಅವರಿಗೇ ತಿಳಿಸದೆ ಸುಲಭದ ದಾರಿ ಹಿಡಿದಿತ್ತು. ನಾವು ಮೂರು ತಿಂಗಳು ಡಿಪೊದ ಕಿವಿಗಳನ್ನು ಪರೀಕ್ಷೆ ಮಾಡಿ ಕಣ್ಣು ಎಂದು ಬರೆದಿದ್ದೆವು.

'ಬಲ್ಬ್ ಬದಲಾಯಿಸಿ' ಎಂದರು ನಾಗಭೂಷಣರು. ಆ ಸಭೆಯಿಂದ ಅವರು ಕಲಿತದ್ದು ಅಷ್ಟು.

ಅವರು ಊಟಕ್ಕೆ ಏರ್ಪಾಡು ಮಾಡಲು ಹೋದಾಗ ಡಾಕ್ಟರಮ್ಮ ನನ್ನನ್ನು ಸೀಟಿನಲ್ಲಿ ಕೂರಿಸಿ ಮಣಿಕಟ್ಟು ಹಿಡಿದು ಇನ್ನೊಂದು ಸಂಗತಿ ತೋರಿಸಿದರು. 'ಈಗ ಒತ್ತುತ್ತೇನೆ, ಸಿದ್ಧರಾಗಿ' ಎಂದು ಹೇಳಿ ಸುಮ್ಮನೆ ಕಾಯಿಸಿದರು. 'ನೋಡಿ, ಎದೆ ಹೊಡೆದುಕೊಳ್ತಿದೆ ಅಂತ ನಿಮಗನ್ನಿಸ್ತಿದೆ. ಆದ್ರೆ ಈ ಕ್ಷಣದಲ್ಲಿ ನಿಮ್ಮ ನಾಡಿ ನಿಧಾನವಾಗಿದೆ. ಬರಬೇಕಾದ್ದನ್ನು ಗಮನ ಕೊಟ್ಟು ಕಾಯುವಾಗ ದೇಹ ಉಳಿದ ಗಲಾಟೆಯನ್ನೆಲ್ಲ ಕಡಿಮೆ ಮಾಡಿಕೊಳ್ಳುತ್ತೆ. ಏನೋ ಬರುತ್ತೆ ಅಂತ ಮೊದಲೇ ಗೊತ್ತಿರುವವನು ಅರ್ಧ ಕೆಲಸ ಮುಗಿಸಿರುತ್ತಾನೆ. ನಿಮ್ಮ ಪೆಟ್ಟಿಗೆ ಅದನ್ನು ಅಳೆಯಲ್ಲ.'

ನನ್ನ ತಲೆಯಲ್ಲಿ ಆಗ ಮಲ್ಲೇಶಪ್ಪನವರು ಬಂದು ಕೂತಿದ್ದರು. ಅವರು ಎಂಟು ಸಲವೂ ಹೆಚ್ಚುಕಡಿಮೆ ಒಂದೇ ಅಂಕೆ ತಂದವರು. ಉಳಿದವರದ್ದೆಲ್ಲ ದಿನದಿನಕ್ಕೆ ಇಳಿಯುತ್ತಿತ್ತು. ಮಾರನೆಯ ದಿನ ನಾಗಭೂಷಣರು ಹಾಸನಕ್ಕೆ ಮೀಟಿಂಗಿಗೆ ಹೋದದ್ದನ್ನು ನೋಡಿಕೊಂಡು ನಾನು ಪೆಟ್ಟಿಗೆಗೆ ಹಳೆಯ ಟ್ಯೂಬು ಸುತ್ತಿ, ಉದ್ದದ ವೈರು ಹಾಕಿ ಗೋಡೆಯ ಆಚೆ ಇಟ್ಟೆ. ಹನ್ನೆರಡು ಜನರನ್ನು ಕೂರಿಸಿದೆ. ಪುಟ್ಟರಾಜು ಅರವತ್ತೆರಡು. ಉಳಿದವರು ಅರವತ್ತೈದು, ಎಪ್ಪತ್ತು, ಎಪ್ಪತ್ಮೂರು. ಗೇಟಿನಿಂದ ಮಲ್ಲೇಶಪ್ಪನವರನ್ನು ಕರೆಸಿದೆ. ಬಂದರು, ಕೂತರು. ಅರವತ್ತಾರು. ಅದೇ ಅರವತ್ತಾರು.

ಟಕ್ ಇದ್ದರೂ ಇಲ್ಲದಿದ್ದರೂ ಅವರ ಅಂಕೆ ಬದಲಾಗಿರಲಿಲ್ಲ. ಇಡೀ ಡಿಪೊದಲ್ಲಿ ದೀಪ ನೋಡಿ ಬ್ರೇಕ್ ಒತ್ತಿದ್ದ ಒಬ್ಬನೇ ಮನುಷ್ಯನನ್ನು ನಾನು ಗೇಟು ಕಾಯಲು ಕಳಿಸಿದ್ದೆ.

ಉಳಿದವರನ್ನು ಕಳಿಸಿ, ಬಾಗಿಲು ಹಾಕಿ, ಅವರ ಎಡಕ್ಕೆ ನಿಂತು ಮೆಲ್ಲಗೆ ಕೇಳಿದೆ, 'ಮಲ್ಲೇಶಪ್ಪನವರೇ, ಈ ಕಡೆ ಕಿವಿ ಕೇಳಿಸುತ್ತಾ?' ಉತ್ತರವಿಲ್ಲ. ಬಲಕ್ಕೆ ಬಂದು ಅಷ್ಟೇ ಮೆಲ್ಲಗೆ ಕೇಳಿದೆ. ಥಟ್ಟನೆ ತಿರುಗಿದರು.

'ಯಾರು ಹೇಳುದ್ರು ನಿಮ್ಗೆ?'

'ಯಾರೂ ಹೇಳಲಿಲ್ಲ.'

'ಇಪ್ಪತ್ತು ವರ್ಷ ಇಂಜಿನ್ ಪಕ್ಕದಲ್ಲೇ ಕೂತಿದ್ದೀನಿ ಕಣ್ರೀ. ಎಡಗಡೆ ಸಣ್ಣ ಮಾತು ಕೇಳಲ್ಲ. ಹಾರ್ನ್ ಕೇಳ್ತದೆ, ಕಂಡಕ್ಟರ್ ಸೀಟಿ ಕೇಳ್ತದೆ. ಬಲಗಿವಿ ಚೆನ್ನಾಗೈತೆ. ಕಾಲಿಗೆ ವಯಸ್ಸಾಯ್ತು ಅಂತ ಗೇಟಿಗೆ ಹಾಕುದ್ರಿ, ಸುಮ್ಕಿದ್ದೆ. ಈಗ ಕಿವುಡ ಅಂತ ಬರೆದು ಮನೆಗೇ ಕಳ್ಸ್ತೀರೇನೋ.'

ಅಲ್ಲಿಗೆ ನನಗೆ ನನ್ನ ಇಕ್ಕಟ್ಟು ತಿಳಿಯಿತು. ಅವರ ಕಾಲು ಸರಿ ಎಂದು ಸಾಧಿಸಬೇಕಾದರೆ ಅವರಿಗೆ ಟಕ್ ಕೇಳಿಸಲಿಲ್ಲ ಎನ್ನಬೇಕು. ಟಕ್ ಕೇಳಿಸಲಿಲ್ಲ ಎಂದರೆ ಕಿವಿ ಸರಿಯಿಲ್ಲ ಎಂದಾಗುತ್ತದೆ. ಅವರನ್ನು ಕರೆದುಕೊಂಡು ಅವತ್ತೇ ಡಾಕ್ಟರಮ್ಮನ ನೆಂಟರ ಮನೆಗೆ ಹೋದೆ. ಅವರು ಎರಡೂ ಕಿವಿ ನೋಡಿ, ಮಾತಾಡಿಸಿ, ದೂರ ನಿಂತು ಕೂಗಿ, ಕೊನೆಗೆ ಹಾಸನದ ಒಬ್ಬ ಕಿವಿ ಡಾಕ್ಟರಿಗೆ ಚೀಟಿ ಕೊಟ್ಟರು. ಆ ಡಾಕ್ಟರೂ ಪರೀಕ್ಷೆ ಮಾಡಿ, ಎಡಗಿವಿಯಲ್ಲಿ ಸಣ್ಣ ಸದ್ದು ಮಾತ್ರ ಕಡಿಮೆ, ರಸ್ತೆಯ ಸದ್ದು ಕೇಳಲು ತೊಂದರೆಯಿಲ್ಲ, ಬಸ್ಸು ಓಡಿಸಬಹುದು ಎಂದು ಬರೆದುಕೊಟ್ಟರು.

ಆ ಕಾಗದ, ನನ್ನ ಹೊಸ ಅಂಕೆಗಳು ಎರಡನ್ನೂ ಹಿಡಿದುಕೊಂಡು ನಾಗಭೂಷಣರ ಮುಂದೆ ನಿಂತೆ. ಅವರು ಅಂಕೆಗಳ ಪಟ್ಟಿ ಓದಿ ಕನ್ನಡಕ ಮೇಲಕ್ಕೆ ತಳ್ಳಿದರು.

'ಹನ್ನೆರಡಕ್ಕೆ ಹನ್ನೆರಡೂ ಫೇಲು. ಏನ್ರೀ ಇದು?'

'ಸದ್ದು ತೆಗೆದರೆ ಹೀಗೇ ಬರುತ್ತೆ ಸಾರ್. ಇದೇ ನಿಜವಾದ ಅಂಕೆ. ಅರವತ್ತು ಅನ್ನೋ ಗೆರೆಯೇ ಈ ಮಿಷನ್ನಿಗೆ ಸರಿಯಾದ್ದಲ್ಲ.'

'ಅಂದ್ರೆ ನಾಳೆ ಬೆಳಿಗ್ಗೆ ಬಸ್ಸು ಯಾರು ಓಡಿಸ್ತಾರೆ? ನೀವಾ?'

'ಗೆರೆ ಬದಲಾಯಿಸಬಹುದಲ್ಲ ಸಾರ್.'

'ಪುಸ್ತಿಕೆಯಲ್ಲಿ ಅರವತ್ತು ಅಂತಿದೆ.' ಅವರು ಹಸಿರು ಪೆನ್ನು ತೆಗೆದು ಒಂದು ಆದೇಶ ಬರೆದರು. ಅದರ ಸಾರಾಂಶ ಇದು: ಸದ್ದು ಯಂತ್ರದ ಅವಿಭಾಜ್ಯ ಅಂಗ. ಬೋಧಕರು ಪೆಟ್ಟಿಗೆಗೆ ಟ್ಯೂಬು ಮುಂತಾದ ಅನಧಿಕೃತ ವಸ್ತುಗಳನ್ನು ಸುತ್ತತಕ್ಕದ್ದಲ್ಲ.

'ಮಲ್ಲೇಶಪ್ಪನವರ ವಿಷಯ, ಸಾರ್? ಡಾಕ್ಟರ ಕಾಗದ ಇದೆ.'

'ಫೈಲಿನಲ್ಲಿ ಇರೋದು ಕಾಲಿನ ವಿಷಯ. ನೀವು ತಂದಿರೋದು ಕಿವಿ ಕಾಗದ. ಅರವತ್ತರೊಳಗೆ ಬಂದರೆ ಕಳಿಸಿ, ನಂದೇನೂ ಅಭ್ಯಂತರ ಇಲ್ಲ.'

ಮೂವತ್ತು ವರ್ಷದ ನೌಕರಿಯಲ್ಲಿ ಅಧಿಕಾರಿಗಳ ಮೇಲೆ ಕೂಗಾಡಬೇಕೆನಿಸಿದ್ದು ಎಷ್ಟೋ ಸಲ. ಅವತ್ತು ಕೂಗಾಡಲಿಲ್ಲ. ಕೋಣೆಗೆ ಹೋಗಿ ಟ್ಯೂಬು ಬಿಚ್ಚಿದೆ. ಮೇಜನ್ನು ಎತ್ತಿ ಸೀಟಿನ ಎಡದಿಂದ ಬಲಕ್ಕೆ ಇಟ್ಟೆ. ಮೇಜು ಯಾವ ಕಡೆ ಇರಬೇಕೆಂದು ಪುಸ್ತಿಕೆಯಲ್ಲಿ ಇರಲಿಲ್ಲ.

ಮಲ್ಲೇಶಪ್ಪನವರನ್ನು ಒಪ್ಪಿಸುವುದು ಸುಲಭವಾಗಲಿಲ್ಲ. 'ಟಕ್ ಅಂದ್ ತಕ್ಷಣ ಒತ್ತಬೇಕಾ? ದೀಪ ನೋಡೋದು ಬ್ಯಾಡ್ವಾ?' ಎಂದು ಮತ್ತೆ ಮತ್ತೆ ಕೇಳಿದರು. 'ಬೇಡ' ಎಂದೆ. 'ಅದು ಮೋಸ ಅಲ್ವಾ ಮೇಷ್ಟ್ರೇ?'

'ಇದುವರೆಗೆ ಪಾಸಾದವರೆಲ್ಲ ಪಾಸಾದದ್ದು ಹಾಗೇ. ಅವರಿಗೆ ಗೊತ್ತಿರಲಿಲ್ಲ ಅಷ್ಟೆ.'

ಹತ್ತು ಸಲ ಅಭ್ಯಾಸ ಮಾಡಿದರು. ಹನ್ನೊಂದನೆಯದಕ್ಕೆ ನಾಗಭೂಷಣರನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡೆ. ಟಕ್. ಐವತ್ತೊಂದು. ಮತ್ತೆ ನಲವತ್ತೊಂಬತ್ತು. ನಾಗಭೂಷಣರು ಅವರ ಬೆನ್ನು ತಟ್ಟಿ, 'ನೋಡಿದ್ರಾ, ವಿಶ್ರಾಂತಿ ಸಿಕ್ಕಿದ್ದರಿಂದ ನರಗಳು ಚುರುಕಾಗಿವೆ' ಎಂದರು. ಮಲ್ಲೇಶಪ್ಪನವರು ಎದ್ದು ನಿಂತು, ಅವರಿಗೊಂದು ನಮಸ್ಕಾರ ಹಾಕಿ, ನನ್ನ ಕಡೆ ನೋಡದೆ ಹೊರಗೆ ಹೋದರು. ಅವರು ಗೇಟಿನ ಕೆಲಸಕ್ಕೆ ಹೋಗಿ ಎರಡು ತಿಂಗಳಾಗಿತ್ತು.

ಅವರು ಬಿಸಿಲೆ ಬಸ್ಸಿಗೆ ಮರಳಿದ ಮೊದಲ ದಿನ ನಾನೂ ಹತ್ತಿದೆ. ಬೋಧಕ ಜೊತೆಗೆ ಹೋಗಬೇಕೆಂಬ ನಿಯಮವೇನೂ ಇರಲಿಲ್ಲ, ಹೋದೆ. ಈ ಸಲ ಅವರ ಮುಖ ನೋಡಲಿಲ್ಲ, ರಸ್ತೆಯನ್ನೂ ನೋಡಲಿಲ್ಲ, ಬಲಗಾಲನ್ನೇ ನೋಡುತ್ತ ಕೂತೆ. ಹೊಂಗಡಹಳ್ಳ ದಾಟಿ ಒಂದು ಎಸ್ಟೇಟಿನ ತಿರುವು ಬರುವ ಮುಂಚೆ, ಎದುರಿಗೆ ಏನೂ ಇಲ್ಲದಿರುವಾಗಲೇ, ಆ ಕಾಲು ಆಕ್ಸಿಲೇಟರ್ ಬಿಟ್ಟು ಬ್ರೇಕಿನ ಮೇಲೆ ಹಗುರವಾಗಿ ಹೋಗಿ ಕೂತಿತು. ಬಸ್ಸು ತಿರುವಿಗೆ ಬಂದಾಗ ಎಸ್ಟೇಟಿನ ಸ್ಟೋರಿನಿಂದ ಕಾಫಿ ಮೂಟೆ ತುಂಬಿದ ಟ್ರ್ಯಾಕ್ಟರೊಂದು ಹಿಂದುಮುಂದು ನೋಡದೆ ಹಿಮ್ಮುಖವಾಗಿ ರಸ್ತೆಗೆ ಇಳಿಯಿತು. ಅದರ ಹಿಂದೆ ಕೂಲಿಯವರ ಲೈನ್‌ಮನೆಗಳ ಇಬ್ಬರು ಹೆಂಗಸರು ತಲೆಯ ಮೇಲೆ ಸೌದೆ ಹೊತ್ತು ನಡೆಯುತ್ತಿದ್ದರು. ನಮ್ಮ ಬಸ್ಸು ಅಷ್ಟರಲ್ಲಿ ನಿಂತೇ ಇತ್ತು. ಯಾರೂ ಕೂಗಲಿಲ್ಲ, ಯಾರೂ ಬೀಳಲಿಲ್ಲ. ಹಿಂದಿನ ಸೀಟಿನಲ್ಲಿ ಮಲಗಿದ್ದವರಿಗೆ ಎಚ್ಚರವೂ ಆಗಲಿಲ್ಲ. ಅದೇ ಜಾಗದಲ್ಲಿ ನಲವತ್ತರ ಅಂಕೆಯವನು ಬರಿಯ ಚುರುಕುಗಾಲನ್ನು ನಂಬಿಕೊಂಡು ಬಂದಿದ್ದರೆ ಏನಾಗುತ್ತಿತ್ತೆಂದು ಲೆಕ್ಕ ಹಾಕುತ್ತ ಹೋದೆ. ಹದಿನೆಂಟು ಅಡಿಗಿಂತ ಆ ಟ್ರ್ಯಾಕ್ಟರು ಹತ್ತಿರವಿತ್ತು.

ಬಿಸಿಲೆಯಲ್ಲಿ ಜನ ಇಳಿದ ಮೇಲೆ ನಾನು ಕೆಳಗಿಳಿದು ಸುತ್ತಿಕೊಂಡು ಅವರ ಕಿಟಕಿಯ ಕೆಳಗೆ ಹೋಗಿ ನಿಂತೆ. ಇಷ್ಟು ದಿನ ಹೇಳದೆ ಉಳಿಸಿಕೊಂಡಿದ್ದನ್ನು ಹೇಳಿದೆ.

'ತಪ್ಪಾಯ್ತು ಮಲ್ಲೇಶಪ್ಪನವರೇ. ಮಿಷನ್ನು ಹಾಗಿತ್ತು, ಅದಕ್ಕೆ...'

'ಸೈನ್ ಹಾಕಿದ್ದು ಮಿಷನ್ ಅಲ್ಲ ಮೇಷ್ಟ್ರೇ' ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ.

'ಹೌದು, ನಾನೇ ಹಾಕಿದ್ದು. ಕ್ಷಮಿಸಬೇಕು' ಎಂದೆ.

ನಾನು ನಿಂತದ್ದು ಅವರ ಬಲಗಡೆ, ಇಂಜಿನ್ನೂ ಆಫಾಗಿತ್ತು, ಕೇಳಿಸದೇ ಇರಲು ಸಾಧ್ಯವಿರಲಿಲ್ಲ. ಅವರು ಎದುರಿನ ಕಾಡನ್ನು ನೋಡುತ್ತ ಕೂತಿದ್ದರು, ನಾನು ಕೆಳಗೆ ನಿಂತೇ ಇದ್ದೆ. ಕಂಡಕ್ಟರ್ ಟೀ ಕುಡಿದು ಬಂದು ಸೀಟಿ ಊದಿದ. ಮಲ್ಲೇಶಪ್ಪನವರು ಕೀಲಿ ತಿರುಗಿಸಿದರು, ಬಸ್ಸು ನಡುಗಿ ಎಚ್ಚರವಾಯಿತು.

'ಹತ್ರೀ ಮೇಷ್ಟ್ರೇ' ಎಂದರು. 'ಟೈಮಾಯ್ತು.'